ಹುಚ್ಚವ್ವ ಆರಿಸಿದ ದಂಡೆ

ಕೃಷ್ಣೆಗೆ ನೀರು ಬರುವುದು ಆ ಸೀಮೆಯ ಮಳೆಯಿಂದಲ್ಲ. ಬಾಗೇವಾಡಿ, ಮುದ್ದೇಬಿಹಾಳದ ಎರೆಹೊಲಗಳು ಬಿರುಕುಬಿಟ್ಟು ಬಾಯ್ದೆರೆದಿರುವಾಗಲೇ, ತಲೆಯ ಮೇಲೆ ಅಂಗೈಯಗಲದ ಮೋಡವೂ ಇಲ್ಲದಿರುವಾಗಲೇ, ಎಲ್ಲೋ ಪಡುವಣ ಘಟ್ಟದಲ್ಲಿ ಸುರಿದ ಮಳೆ ಕೆಂಪಗೆ ಹರಿದು ಬಂದುಬಿಡುತ್ತದೆ. ನಿನ್ನೆ ಮೊಣಕಾಲಿಗಿದ್ದ ಹೊಳೆ ಇಂದು ಎದೆಮಟ್ಟ, ನಾಳೆ ಆಳುದ್ದ. ಅದಕ್ಕೇ ಆ ದಂಡೆಯ ಕುರುಬರು ಮುಗಿಲು ನೋಡಿ ಹೊರಡುವುದಿಲ್ಲ, ಹೊಳೆಯ ಬಣ್ಣ ನೋಡಿ ಹೊರಡುತ್ತಾರೆ.

ವಿಜಾಪುರ ಜಿಲ್ಲೆ ಮುಂಬೈ ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯ ಸೇರಿದ ಎರಡನೆಯ ಮುಂಗಾರು ಅದು. ಆ ಸಲ ಹುಚ್ಚವ್ವನ ಹಟ್ಟಿಯವರು ಹೊರಡುವುದು ತಡವಾಯಿತು.

ಹಟ್ಟಿ ಇದ್ದದ್ದು ಕೊಲ್ಹಾರದಿಂದ ಕೆಳಗೆ, ಹೊಳೆಯ ಬಡಗಣ ದಂಡೆಯಲ್ಲಿ. ಪ್ರತಿ ಬೇಸಿಗೆ ಅವರು ಹೊಳೆ ದಾಟಿ ತೆಂಕಣ ಕಡೆಯ ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿ, ಮಿರಗದ, ಅಂದರೆ ಮೃಗಶಿರೆಯ ಮಳೆಗೆ ಮುಂಚೆ ತಿರುಗಿ ಮನೆ ಸೇರುವವರು. ಹೆಚ್ಚಿನ ವರ್ಷ ಹೋಗುವಾಗಲೂ ಬರುವಾಗಲೂ ಹೊಳೆಯಲ್ಲಿ ನಡೆದೇ ದಾಟುತ್ತಿದ್ದರು, ನೀರು ಬೇಗ ಬಂದ ವರ್ಷ ಮಾತ್ರ ಈಜಿಸುತ್ತಿದ್ದರು. ಈ ಸಲ ಕುರಿಗಳು ತಡವಾಗಿ ಈದವು. ಎಳೆಯ ಮರಿಗಳನ್ನು ಬಿಸಿಲಲ್ಲಿ ನಡೆಸಲಾಗದೆ ಒಂದೆರಡು ಕಡೆ ಹೆಚ್ಚು ದಿನ ಕುಳಿತರು. ಹೊಳೆಗೆ ಬಂದು ನೋಡಿದರೆ ಹೊಸ ನೀರು ಬಂದಿತ್ತು. ಇವತ್ತು ನಾಳೆಯಲ್ಲಿ ಈಜಿಸಿ ದಾಟಿಸದಿದ್ದರೆ ದಸರೆಯ ತನಕ ತೆಂಕಣ ದಂಡೆಯೇ ಗತಿ. ಆ ದಂಡೆಯಲ್ಲಿ ಮೇವು ಮುಗಿದಿತ್ತು. ರೈತರು ಬಿತ್ತನೆಗೆ ಹೊಲ ಹದ ಮಾಡಿಕೊಂಡು, ಕುರಿಯ ಕಾಲು ಬಿದ್ದರೆ ಬಡಿಗೆ ಎತ್ತುವ ಕಾಲ ಅದು.

ಹುಚ್ಚವ್ವನಿಗೆ ಆಗ ನಲವತ್ತು ದಾಟಿತ್ತು. ಗಂಡ ಅಮಸಿದ್ದ ಹಿಂದಿನ ವರ್ಷ ಉಗಾದಿಯ ಮುಂದೆ ತೀರಿಕೊಂಡಿದ್ದ. ಮಕ್ಕಳಿಲ್ಲ. ಹದಿನೈದು ದಿನ ಕಳೆದ ಮೇಲೆ ಮೈದುನ ಸಿದ್ದರಾಯ ಬಂದು ಕಂಬಳಿಯ ಮೇಲೆ ಕುಳಿತು, “ವೈನಿ, ಇನ್ನ ಎರಡ ಒಲಿ ಯಾಕ? ಕೂಡಿ ಇರೂಣು. ನಿನ್ನ ಕುರಿ ನಮ್ಮ ಕುರ್ಯಾಗ ಕೂಡ್ಲಿ,” ಎಂದಿದ್ದ. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆದರೆ ಹುಚ್ಚವ್ವ ಚಿಕ್ಕಂದಿನಲ್ಲಿ ತನ್ನ ಸೋದರತ್ತೆಯನ್ನು ನೋಡಿದ್ದಳು. ಕೂಡಿದ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ತಳದ ಅಂಬಲಿಗೆ ಕೈ ಹಾಕುತ್ತಿದ್ದಳು ಆ ಮುದುಕಿ. ಯಾರೂ ಬೈದದ್ದಿಲ್ಲ, ಯಾರೂ ಕರೆದದ್ದೂ ಇಲ್ಲ.

“ನನ್ನ ಕುರಿ ಇರೂತನಾ ನನ್ನ ಒಲಿ ಇರ್ಲಿ,” ಎಂದಿದ್ದಳು ಹುಚ್ಚವ್ವ.

ಸಿದ್ದರಾಯ ಒಪ್ಪಿದ. ಕುರಿ ಜೊತೆಗೇ ಮೇಯುತ್ತಿದ್ದವು, ಗುರುತು ಮಾತ್ರ ಬೇರೆ. ಅವನ ಕುರಿಗಳಿಗೆ ಬಲಗಿವಿ ಸೀಳು, ಅವಳವಕ್ಕೆ ಎಡಗಿವಿ. ಅವಳ ಬೇರೆ ಒಲೆ ಉರಿಯುತ್ತಿದ್ದದ್ದು ಆ ಎಡಗಿವಿಗಳ ಮೇಲೆ. ಅವು ಹೊಳೆಪಾಲಾದರೆ ಮೈದುನನ ಮನೆಯ ಮೂಲೆಯೇ ಅವಳಿಗೆ ಉಳಿಯುವುದು. ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು ಇದು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಹಿಂಡನ್ನು ಹೊಳೆ ಈಜಿಸುವುದು ಸುಮ್ಮನೆ ಅಟ್ಟುವ ಕೆಲಸವಲ್ಲ. ಕುರಿಯನ್ನು ಹಿಂದಿನಿಂದ ಹೊಡೆದರೆ ಅದು ನೀರಿನ ಅಂಚಿನಲ್ಲಿ ಸುತ್ತು ಹಾಕುತ್ತದೆಯೇ ಹೊರತು ಇಳಿಯುವುದಿಲ್ಲ. ಮುಂದಿನಿಂದ ಕರೆಯಬೇಕು. ಅದಕ್ಕೆ ಕುರುಬರ ಉಪಾಯ ಒಂದೇ. ಸಂಜೆಯೇ ಮರಿಗಳನ್ನು ತಾಯಂದಿರಿಂದ ಬಿಡಿಸಿ ಉಪವಾಸ ಇಡುತ್ತಾರೆ. ಬೆಳಿಗ್ಗೆ ಹರಗೋಲಿನಲ್ಲಿ ಆಚೆ ದಂಡೆಗೆ ಒಯ್ದು ಒಂದೆಡೆ ಕೂಡಿಹಾಕುತ್ತಾರೆ. ಹಸಿದ ಮರಿಗಳು ಅರಚುತ್ತವೆ. ಕೆಚ್ಚಲು ಬಿಗಿದ ತಾಯಿಕುರಿಗಳು ಆ ಕೂಗಿಗೆ ನೀರೆಂದು ನೋಡದೆ ಇಳಿಯುತ್ತವೆ, ಮಿಕ್ಕವು ಅವುಗಳ ಹಿಂದೆ. ಅಂದರೆ, ಮರಿಗಳನ್ನು ಎಲ್ಲಿ ಇಳಿಸುತ್ತೀರೋ ಅದೇ ಹಿಂಡು ಏರುವ ದಂಡೆ. ಆ ದಂಡೆ ತಪ್ಪಿದರೆ ಎಲ್ಲವೂ ತಪ್ಪಿದಂತೆ.

ದಂಡೆ ನೋಡುವುದು ಗಂಡಸರ ಕೆಲಸ. ಅಮಸಿದ್ದ ಇರುವ ತನಕ ಅವನು ನೋಡುತ್ತಿದ್ದ. ಮರಿಗಳ ಜೊತೆ ಹರಗೋಲಿನಲ್ಲಿ ಹೋಗಿ ಆಚೆ ಕೂಡುವುದು ಹೆಂಗಸರ ಕೆಲಸ. ಹುಚ್ಚವ್ವ ಮದುವೆಯಾಗಿ ಬಂದಾಗಿನಿಂದ ಅದನ್ನು ಮಾಡಿಕೊಂಡು ಬಂದವಳು.

ಆಚೆಗೆ ಮೂರು ದಂಡೆಗಳಿದ್ದವು. ಮೇಲ್ಗಡೆ ಉಸುಕಿನ ದಂಡೆ. ಅಗಲ, ಇಳಿಜಾರು, ಬೆಳ್ಳಗೆ ಹಾಸಿದ ಮರಳು. ಹಿಂಡು ಎಷ್ಟೇ ದೊಡ್ಡದಿರಲಿ ಆರಾಮಾಗಿ ಏರಬಹುದು. ಅದರ ಕೆಳಗೆ ಕರಿ ದಂಡೆ. ಗೋಡೆಯಂತೆ ನಿಂತ ಎರೆಮಣ್ಣು, ಬುಡದಲ್ಲಿ ರಾಡಿ. ಕಾಲಿಟ್ಟ ಕುರಿ ತೊಡೆಯವರೆಗೆ ಹೂತು ಹೋಗುತ್ತದೆ. ಇನ್ನೂ ಕೆಳಗೆ, ಹಳ್ಳವೊಂದು ಹೊಳೆಗೆ ಸೇರುವಲ್ಲಿ ಗರಸಿನ ದಂಡೆ. ಜಲ್ಲಿಕಲ್ಲಿನ ಗಟ್ಟಿ ನೆಲ, ಆದರೆ ಎರಡು ಎತ್ತಿನ ಗಾಡಿ ಒಟ್ಟಿಗೆ ನಿಲ್ಲುವಷ್ಟೇ ಅಗಲ. ಅದನ್ನೂ ದಾಟಿದರೆ ಹೊಳೆ ಬಂಡೆಗಳ ನಡುವೆ ಇರುಕಿಕೊಂಡು ಮೊರೆಯುತ್ತ ಹೋಗುತ್ತದೆ. ಅಲ್ಲಿಗೆ ಹೋದದ್ದು ಮರಳಿದ ಕಥೆಯನ್ನು ಯಾರೂ ಹೇಳಿರಲಿಲ್ಲ.

ಆ ಸಂಜೆ ಸಿದ್ದರಾಯ ಅಣ್ಣ ಮಾಡುತ್ತಿದ್ದಂತೆಯೇ ಮಾಡಿದ. ನೀರಿನಂಚಿಗೆ ಹೋಗಿ ಕಾಯಿ ಒಡೆದ, ಭಂಡಾರ ತೂರಿದ. ಒಣಗಿದ ಜೋಳದ ಕಣಕಿಯ ಒಂದು ಹಿಡಿಕಟ್ಟನ್ನು ಕಟ್ಟಿ, “ಗಂಗವ್ವಾ, ದಾರಿ ತೋರ್ಸು,” ಎಂದು ಸೆಳವಿಗೆ ಒಗೆದ. ಅಲ್ಲಿ ಹೊಳೆ ಮೈಮುರಿದು ಬಡಗಣಕ್ಕೆ ಒತ್ತುತ್ತದೆ. ಕಟ್ಟು ಕುಣಿಯುತ್ತ, ಓರೆಯಾಗಿ ಹೊಳೆ ದಾಟಿ, ಉಸುಕಿನ ದಂಡೆಯ ಕೆಳತುದಿಗೆ ಹೋಗಿ ಹತ್ತಿತು.

“ಆತು. ಗಂಗವ್ವ ಹೇಳಿದ್ಲು. ಉಸುಕಿನ ದಂಡಿ,” ಎಂದ ಸಿದ್ದರಾಯ. ಅವನ ಮುಖದ ಬಿಗಿ ಸಡಿಲಿತು. ಅಣ್ಣ ಇಲ್ಲದೆ ಅವನು ನೋಡಿದ ಮೊದಲ ದಂಡೆ ಅದು.

ಬೆಳಗಿನ ಜಾವ ಹುಚ್ಚವ್ವ ಕೊಡ ಹಿಡಿದು ನೀರಿಗೆ ಹೋದಳು. ಸಂಜೆ ಅವಳು ಕುಳಿತು ಪಾತ್ರೆ ತಿಕ್ಕಿದ ಬಂಡೆ ಕಾಣಲಿಲ್ಲ. ಅದು ಇದ್ದ ಜಾಗದಲ್ಲಿ ನೀರು ಸಣ್ಣಗೆ ಗುಳುಗುಡುತ್ತಿತ್ತು. ಕೊಡ ತುಂಬದೆಯೇ ತಿರುಗಿ ಬಂದಳು.

“ಸಿದ್ದರಾಯಾ, ನೀರ ಏರೈತೋ. ಇನ್ನೊಂದ ಕಟ್ಟ ಒಗದ ನೋಡು.”

ಸಿದ್ದರಾಯ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಳ್ಳುತ್ತಿದ್ದವನು ತಲೆಯೆತ್ತಿದ.

“ಎರಡನೇ ಸಲ ಕೇಳೂದೇನ ವೈನಿ? ಕಾಯಿ ಒಡದ, ಭಂಡಾರ ಹಾರ್ಸಿ ಕೇಳೇವಿ. ಆಕಿ ಹೇಳ್ಯಾಳ. ಮತ್ತ ಕೇಳಿದ್ರ ನಿನ್ನ ಮಾತಿನ ಮ್ಯಾಲ ನಮಗ ನಂಬಿಕಿ ಇಲ್ಲವಾ ತಾಯಿ ಅಂದಂಗ. ಹೊಳಿ ಸಿಟ್ಟ ಮಾಡಕೊಂಡ್ರ ನೀನ ಸಮಾಧಾನ ಮಾಡ್ತೀಯೇನ?”

“ಸಿಟ್ಟ ಅಲ್ಲೋ, ಬಂಡಿ ಮುಳಗೈತಿ...”

“ಅಣ್ಣ ಎಂದಾರ ಎರಡ ಸಲ ಕೇಳಿದ್ದನೇನ? ನೀನ ಹೇಳು.”

ಅಮಸಿದ್ದ ಕೇಳಿದ್ದಿಲ್ಲ. ಯಾರೂ ಕೇಳಿದ್ದಿಲ್ಲ. ಹೊಳೆಗೆ ಒಂದೇ ಮಾತು, ಹೊಳೆಯದೂ ಒಂದೇ ಮಾತು ಎಂದು ಅವಳೂ ನಂಬಿಕೊಂಡೇ ಬದುಕಿದವಳು. ಬಾಯಿ ಮುಚ್ಚಿಕೊಂಡು ಮರಿಗಳನ್ನು ಎತ್ತಿಕೊಡಲು ಹೋದಳು.

ಹರಗೋಲು ಹಾಜಿಮಲಂಗನದು. ಬಿದಿರ ಬುಟ್ಟಿಗೆ ಎಮ್ಮೆಯ ಚರ್ಮ ಬಿಗಿದ ದೊಡ್ಡ ಹರಗೋಲು. ಅವನ ಮನೆಯವರು ಎಷ್ಟೋ ತಲೆಮಾರಿನಿಂದ ಆ ಹೊಳೆಯಲ್ಲಿ ಹುಟ್ಟು ಹಾಕಿದವರು. ಹಟ್ಟಿಯ ಹೆಂಗಸರಿಗೆಲ್ಲ ಅವನು ಕಾಕಾ. ಮರಿಗಳ ಜೊತೆ ಹುಚ್ಚವ್ವ, ಅವಳ ನೆಗೆಣ್ಣಿ, ಅಂದರೆ ಸಿದ್ದರಾಯನ ಹೆಂಡತಿ ಹುಲಿಗೆವ್ವ, ಇಬ್ಬರೂ ಹತ್ತಿದರು. ನಡುಹೊಳೆಯಲ್ಲಿ ಹುಲಿಗೆವ್ವ ಚೀರಿದಳು.

“ಯಕ್ಕಾ, ಈ ಮರಿ ನನ್ನ ಉಡ್ಯಾಗ ಉಚ್ಚಿ ಹೊಯ್ತು ನೋಡ! ಕುರಿ ಬಾಳ ಇದ್ದ ಮನಿ, ಉಡಿ ತುಂಬತೈತಿ ಅಂತ ಹೇಳಿ ನಮ್ಮವ್ವ ಕೊಟ್ಟಾಳ. ಹಿಂಗ ತುಂಬತೈತಿ ಅಂತ ಹೇಳಲಿಲ್ಲ.”

“ನಿನ್ನ ಉಡಿ ತೊಳದ್ರ ಹೋಗತೈತಿ,” ಎಂದ ಹಾಜಿಮಲಂಗ, ಹುಟ್ಟಿನಿಂದ ಕಣ್ಣು ತೆಗೆಯದೆ. “ನನ್ನ ಚರ್ಮಕ್ಕ ಹೊಯ್ದ್ರ ಮೆತ್ತಗಾಗಿ ಹರಿತೈತಿ. ಹಂಗ ಉಡ್ಯಾಗ ಇಟ್ಕೊಂಡ ಕುಂಡ್ರು ತಾಯಿ, ಪುಣ್ಯ ಬರತೈತಿ.”

ಹುಲಿಗೆವ್ವ ನಕ್ಕಳು. ಹುಚ್ಚವ್ವ ನಗಲಿಲ್ಲ. ಹಾಜಿಮಲಂಗನ ತೋಳಿನ ನರ ಉಬ್ಬಿದ್ದನ್ನು ನೋಡುತ್ತಿದ್ದಳು. ಉಸುಕಿನ ದಂಡೆ ಹಿಡಿಯಲು ಅವನು ದಮ್ಮು ಕಟ್ಟಿ ಮೇಲ್ಗಡೆಗೆ ಹುಟ್ಟು ಹಾಕುತ್ತಿದ್ದ.

“ಕಾಕಾ, ಸೆಳವ ಬಾಳ ಐತೇನ?”

“ಐತವಾ,” ಎಂದ. ಸ್ವಲ್ಪ ಹೊತ್ತಿನ ಮೇಲೆ, “ನಿನ್ನಿಗಿಂತ ಐತಿ,” ಎಂದು ಕೂಡಿಸಿದ.

ಉಸುಕಿನಲ್ಲಿ ಮರಿಗಳನ್ನು ಇಳಿಸಿ, ಸುತ್ತ ಬಲೆಯ ಜಾಲರಿ ನಿಲ್ಲಿಸಿದ್ದೇ ತಡ, ಅವು ಕೊರಳು ಬಿಚ್ಚಿದವು. ರಾತ್ರಿಯಿಡೀ ಹಸಿದ ಕೊರಳು. ಗಾಳಿ ಪಡುವಣದ್ದು. ಕೂಗು ಹೊಳೆಯ ಮೇಲೆ ಹಾಸಿಕೊಂಡು ಹೋಯಿತು. ಆಚೆ ದಂಡೆಯಲ್ಲಿ ಹಿಂಡು ಒಮ್ಮೆಲೇ ತಲೆಯೆತ್ತಿದ್ದು ಇಲ್ಲಿಗೇ ಕಾಣಿಸಿತು. ಮುಂದೆ ಕೆಂಚಿ, ಕೊರಳಲ್ಲಿ ಗಂಟೆ ಕಟ್ಟಿಕೊಂಡ ಹುಚ್ಚವ್ವನ ಮುದಿ ಕುರಿ, ಯಾವಾಗಲೂ ಹಿಂಡಿನ ಮುಂದೆ ನಡೆಯುವುದು. ಅದು ನೀರಿಗೆ ಬಿತ್ತು. ಅದರ ಹಿಂದೆ ಒಂದು, ಹತ್ತು, ಆಮೇಲೆ ಇಡೀ ಹಿಂಡು ಬೆಟ್ಟದ ಮಣ್ಣು ಕುಸಿದಂತೆ ಹೊಳೆಗೆ ಇಳಿಯಿತು. ಕೊನೆಯಲ್ಲಿ ಸಿದ್ದರಾಯ ಮತ್ತು ಆಳುಗಳಿಬ್ಬರು ಸೋರೆಬುರುಡೆಯ ಮೇಲೆ ಎದೆ ಇಟ್ಟು ಈಜುತ್ತ “ಹ್ರೇ! ಹ್ರೇ!” ಎಂದು ಕೂಗುತ್ತಿದ್ದರು.

ಹುಚ್ಚವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಳು. ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ನಡುಹೊಳೆಗೆ ಬಂದದ್ದೇ ತಲೆಗಳ ಸಾಲು ಬಾಗತೊಡಗಿತು. ಎದುರಿಗೆ ಬರಬೇಕಾದದ್ದು ಎಡಕ್ಕೆ, ಇನ್ನೂ ಎಡಕ್ಕೆ ಸರಿಯಿತು. ಗಂಟೆಯ ಸದ್ದು ಅವಳ ಎದುರಿಗೆ ಬಂದು, ಅವಳನ್ನು ದಾಟಿ, ಕೆಳಗೆ ಹೋಯಿತು. ಕೆಂಚಿ ಕರಿ ದಂಡೆಯ ನೇರಕ್ಕಿತ್ತು.

ಆಗ ಕೆಂಚಿ ತಿರುಗಿತು. ಮೇಲ್ಗಡೆಯಿಂದ, ತನ್ನ ಮರಿಯ ಕೂಗು ಬರುವ ಕಡೆಗೆ ಮುಖ ಮಾಡಿ, ಸೆಳವಿಗೆ ಎದೆಕೊಟ್ಟು ಈಜತೊಡಗಿತು. ಅದು ತಿರುಗಿದ್ದಕ್ಕೆ ಎಲ್ಲವೂ ತಿರುಗಿದವು. ಹಿಂಡಿಗೆ ಹಿಂಡೇ ನೀರಿನ ಎದುರಿಗೆ ಕಾಲು ಬಡಿಯುತ್ತ, ಮುಂದೆಯೂ ಬಾರದೆ, ಹಿಂದೆಯೂ ಹೋಗದೆ ಒಂದೇ ಕಡೆ ನಿಂತಿತು. ಕತ್ತರಿಸದ ಉಣ್ಣೆ ನೀರು ಕುಡಿದು ಭಾರವಾಗುತ್ತಿತ್ತು. ಮೊದಲು ಕೊರಳು ಕಾಣುತ್ತಿದ್ದ ಕುರಿಗಳ ಮೂಗಷ್ಟೇ ಈಗ ಕಾಣುತ್ತಿತ್ತು.

“ಬರ್ತಾವ ಬರ್ತಾವ, ಮರಿ ಕಡೆ ಹೊಳ್ಳ್ಯಾವ ನೋಡ!” ಎಂದಳು ಹುಲಿಗೆವ್ವ.

ಹುಚ್ಚವ್ವ ತನ್ನ ಹಿಂದೆ ಅರಚುತ್ತಿದ್ದ ಮರಿಗಳನ್ನು ನೋಡಿದಳು. ಇಷ್ಟು ವರ್ಷ ಅವಳು ಕಾದುಕೊಂಡು ಕೂತಿದ್ದ ಕೂಗು. ತಾಯಂದಿರನ್ನು ದಡಕ್ಕೆ ತರುವ ಕೂಗು. ಈಗ ಅದೇ ಅವುಗಳನ್ನು ಸೆಳವಿನಲ್ಲಿ ಹಿಡಿದು ನಿಲ್ಲಿಸಿ ಮುಳುಗಿಸುತ್ತಿತ್ತು.

“ಹುಲಿಗಿ, ಕಂಬಳಿ! ಕಂಬಳಿ ಹೊಚ್ಚು ಮರಿಗೋಳ ಮ್ಯಾಲ!”

“ಯಾಕಕ್ಕಾ? ಒದರ್ಲಿ ಬಿಡ. ಒದರಿದ್ರಽ ಬರ್ತಾವಲ...”

“ಇಲ್ಲಿ ಒದರಿದ್ರ ಸಾಯ್ತಾವ! ಹೊಚ್ಚಂದ್ರ ಹೊಚ್ಚು!”

ತಾನೇ ತನ್ನ ಹೆಗಲ ಕಂಬಳಿ ಕಿತ್ತು ಜಾಲರಿಯ ಮೇಲೆಸೆದಳು. ಕತ್ತಲೆಯಲ್ಲಿ, ಕುರಿಯ ವಾಸನೆಯಲ್ಲಿ, ಮರಿಗಳು ಮೆಲ್ಲಗೆ ಅಡಗುತ್ತವೆ. ಪ್ರತಿ ಕುರುಬಿತ್ತಿಗೂ ಗೊತ್ತಿದ್ದ ಮಾತು ಅದು, ಮಳೆಯ ರಾತ್ರಿಗಳಲ್ಲಿ ಮಾಡುವುದೇ ಹಾಗೆ. ಹೊಚ್ಚುವ ಮುಂಚೆ ಅವಳ ಕೈ ಜಾಲರಿಯೊಳಗೆ ಹೋಯಿತು. ಗಟ್ಟಿಯಾಗಿ ಅರಚುವ ಮರಿಗಳು ಬೇಕು. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಕೆಂಚಿಯ ಮರಿ ಮೊದಲು. ಆಮೇಲೆ ಕೈಗೆ ಸಿಕ್ಕ ಗಟ್ಟಿ ಕೊರಳುಗಳು. ಎತ್ತಿಕೊಂಡವನ್ನು ಹರಗೋಲಿಗೆ ಎಸೆಯುವಾಗ ಕಿವಿ ಕಂಡಿತು. ಕೆಂಚಿಯ ಮರಿಯೊಂದನ್ನು ಬಿಟ್ಟರೆ ಎಲ್ಲ ಬಲಗಿವಿ. ಅವಳವು ಈ ಸಲ ಬಡಕಲಾಗಿದ್ದವು, ಕೊರಳಿಲ್ಲ. ಒಂದು ಕ್ಷಣ ಅವಳ ಕೈ ನಿಂತಿತು. ತನ್ನ ಮರಿ ಇಲ್ಲಿ ಉಳಿದರೆ ತನ್ನ ಕುರಿ ಇತ್ತಲೇ ತಿರುಗೀತು. ಆದರೆ ಕೂಗದ ಮರಿಯನ್ನು ಒಯ್ದರೆ ಯಾವ ಕುರಿಯೂ ಬಾರದು.

ಬಲಗಿವಿಯ ಇನ್ನೆರಡು ಮರಿಗಳನ್ನು ಎತ್ತಿಕೊಂಡು ಹರಗೋಲಿಗೆ ಜಿಗಿದಳು.

“ಕಾಕಾ, ಕೆಳಗ ನಡಿ. ಗರಸಿನ ದಂಡಿಗಿ.”

ಹಾಜಿಮಲಂಗ ಹುಟ್ಟು ಹಿಡಿದೇ ನಿಂತಿದ್ದ. “ಗರಸಿನ ದಂಡಿ ನೀರಾಗ ಮುಳಗೈತಿ ತಂಗಿ. ಎಲ್ಲೈತಿ ಅಂತ ಹುಡುಕೂದು? ತಪ್ಪಿದ್ರ ಮುಂದ ಬಂಡಿ. ಗರಸಿನ ಮ್ಯಾಲ ಹತ್ತಿದ್ರ ಚರ್ಮ ಹರಿತೈತಿ.”

“ಹರಿದ್ರ ನನ್ನ ಮೈ ಚರ್ಮ ಕೊಡ್ತೇನಿ. ನಡಿ!”

“ನಿನ್ನ ಚರ್ಮ ಹರಗೋಲಿಗಿ ಸಾಲೂದಿಲ್ಲ,” ಎಂದು ಗೊಣಗಿದ. ಆದರೆ ಅಷ್ಟರಲ್ಲಿ ಅವನ ಕಾಲು ದಂಡೆಯನ್ನು ಒದ್ದಾಗಿತ್ತು.

ಹರಗೋಲು ಗಿರ್ರನೆ ತಿರುಗಿ ಸೆಳವಿಗೆ ಬಿತ್ತು. ನೀರಿನ ಮೇಲೆ ಬಂದದ್ದೇ ಮರಿಗಳು ಹೆದರಿ ಬಾಯಿ ಮುಚ್ಚಿದವು. ಹಿಂಡು ಇನ್ನೂ ಉಸುಕಿನ ಕಡೆಗೇ ಮುಖ ಮಾಡಿ ಕಾಲು ಬಡಿಯುತ್ತಿತ್ತು. ಹಿಂಡಿನ ಪಕ್ಕದಲ್ಲೇ ಹರಗೋಲು ಜಾರಿಹೋಯಿತು. ಒಂದು ಕುರಿಯೂ ನೋಡಲಿಲ್ಲ.

“ಒದರ್ರೆ! ಒದರ್ರೆ ನಮ್ಮವ್ವ!” ಎಂದು ಹುಚ್ಚವ್ವ ಮರಿಗಳನ್ನು ಅಲುಗಿಸಿದಳು. ಅವು ಅವಳ ಮೊಣಕಾಲಿನೊಳಗೆ ತಲೆ ತುರುಕಿದವು. ಕೆಂಚಿಯ ಮರಿಯನ್ನು ಎತ್ತಿ ಹಿಡಿದಳು. ಹುಟ್ಟಿದ ದಿನ ಅವಳೇ ಅದರ ಮೂಗಿನ ಲೋಳೆ ಹೀರಿ ಉಸಿರು ಕೊಟ್ಟಿದ್ದಳು. ಅದರ ಎಳೆಯ ಕಿವಿಯನ್ನು, ಇನ್ನೂ ಪೂರ್ತಿ ಮಾಯದ ಸೀಳಿನ ಮೇಲೆಯೇ, ಹಲ್ಲು ಕಚ್ಚಿ ತಿರುಚಿದಳು.

ಮರಿ ಅರಚಿತು. ಅಂಥ ಅರಚನ್ನು ಅವಳು ತೋಳ ಹಿಡಿದ ಮರಿಯ ಬಾಯಲ್ಲಿ ಕೇಳಿದ್ದಳು. ಹುಚ್ಚವ್ವನ ಕಣ್ಣು ತುಂಬಿಬಂದವು. ಮತ್ತೆ ತಿರುಚಿದಳು.

ಗಂಟೆಯ ಸದ್ದು ಬದಲಾಯಿತು. ಕೆಂಚಿ ತಲೆ ಹೊರಳಿಸಿತು. ಮರಿಯ ಕೂಗು ಈಗ ಕೆಳಗಿನಿಂದ ಬರುತ್ತಿತ್ತು. ಅದು ಸೆಳವಿಗೆ ಮೈಬಿಟ್ಟು ತಿರುಗಿತು. ಸುತ್ತಲಿನ ಕುರಿಗಳು ತಿರುಗಿದವು. ಎದೆಕೊಟ್ಟು ಹೋರಾಡುತ್ತಿದ್ದ ಹಿಂಡು ಹೊಳೆಯ ಜೊತೆಗೇ ಹರಿಯತೊಡಗಿತು.

“ವೈನೀ! ಮರಿ ಎಲ್ಲಿಗಿ ಒಯ್ತೀ! ಹಿಂದಕ ಹೊಳ್ಳು! ಹುಚ್ಚ ಹಿಡೀತೇನ ನಿನಗ!” ಸಿದ್ದರಾಯನ ಕೂಗು ನೀರಿನ ಮೇಲಿಂದ ತೇಲಿ ಬಂತು. ಅವನ ತಲೆ, ಬುರುಡೆ, ಮತ್ತೆ ತಲೆ, ಸೆಳವಿನಲ್ಲಿ ಮುಳುಗೇಳುತ್ತಿದ್ದವು.

ಹುಚ್ಚವ್ವ ಮರಿಯ ಕಿವಿ ಬಿಡಲಿಲ್ಲ.

ಎಡಕ್ಕೆ ಕರಿ ದಂಡೆ ಸರಿದುಹೋಗುತ್ತಿತ್ತು. ಹಿಂಡಿನ ಬದಿಯಲ್ಲಿ, ಹರಗೋಲಿನ ಕೂಗಿನಲ್ಲಿ ತಮ್ಮ ಮರಿಯ ದನಿ ಸಿಗದ ಕೆಲವು ಕುರಿಗಳು ದಂಡೆ ಹತ್ತಿರ ಕಂಡದ್ದಕ್ಕೆ ಆಸೆಪಟ್ಟು ಅತ್ತ ತಿರುಗಿದವು. ಮುಂಗಾಲು ರಾಡಿಗೆ ಊರಿದವು, ಹೂತುಕೊಂಡವು. ಹಿಂದಿನ ನೀರು ಅವುಗಳ ಬೆನ್ನ ಮೇಲೆ ಹರಿಯಿತು. ಅದರಲ್ಲೊಂದರ ಎಡಗಿವಿ ಸೀಳು ಅವಳಿಗೆ ಕಂಡಿತು. ಇನ್ನೊಂದರದೂ. ಅವು ಬಾಯಿ ಬಿಡಲಿಲ್ಲ. ಕುರಿ ಸಾಯುವಾಗ ಕೂಗುವುದಿಲ್ಲ.

“ಹಿಂದ ನೋಡಬ್ಯಾಡ ತಂಗಿ, ಮುಂದ ನೋಡು,” ಎಂದ ಹಾಜಿಮಲಂಗ. “ದಂಡಿ ಎಲ್ಲಿ ಹೇಳು. ಲಗೂ ಹೇಳು.”

ಮುಂದೆ ಎಲ್ಲ ಕೆಂಪು ನೀರು. ಹಳ್ಳದ ಬಾಯಿ ಗುರುತೇ ಸಿಗದಂತೆ ಹೊಳೆ ಒಳಗೆ ನುಗ್ಗಿ ತುಂಬಿತ್ತು. ನೆಲವೆಂಬುದು ಎಲ್ಲೂ ಇರಲಿಲ್ಲ. ಎರಡು ಕಡೆ ಮಾತ್ರ ನೀರಿನ ಮೈ ಒಡೆಯುತ್ತಿತ್ತು. ಒಂದು ಹತ್ತಿರ. ಅಲ್ಲಿ ತೆರೆ ಬೆಳ್ಳಗೆ ಎದ್ದು ಬೀಳುತ್ತಿತ್ತು. ಇನ್ನೊಂದು ದೂರ, ಬಂಡೆಗಳ ಮೊರೆತದ ಹತ್ತಿರವೇ. ಅಲ್ಲಿ ನೀರು ಸಣ್ಣಗೆ ಸುಕ್ಕುಗಟ್ಟಿತ್ತು, ಅಷ್ಟೇ.

“ಇಲ್ಲೇ ಮುರಿಯಾಕತ್ತೈತಿ,” ಎಂದು ಹಾಜಿಮಲಂಗ ಹತ್ತಿರದ ಬಿಳಿ ತೆರೆಯ ಕಡೆ ಹುಟ್ಟು ತಿರುವಿದ. “ತೆರಿ ಮುರಿಯೂ ಕಡೆ ತಳ ಇರ್ತೈತಿ. ಇಲ್ಲೇ ಹಚ್ಚತೇನಿ.”

ತಳವಿತ್ತು, ನಿಜ. ಆದರೆ ಎಂಥ ತಳ? ಹುಚ್ಚವ್ವ ಕಣ್ಣು ಕಿರಿದು ಮಾಡಿದಳು. ಆ ಬಿಳಿ ತೆರೆ ಎದ್ದ ಜಾಗದಲ್ಲೇ ಮತ್ತೆ ಮತ್ತೆ ಏಳುತ್ತಿತ್ತು, ಕಟ್ಟಿಹಾಕಿದ ಹೋರಿಯಂತೆ. ಅದರ ಕೆಳಗೆ ನೀರು ಗುಂಡಿಯಾಗಿ ಸುತ್ತುತ್ತಿತ್ತು. ದೂರದ ಸುಕ್ಕು ಹಾಗಿರಲಿಲ್ಲ. ತಗ್ಗಿ ತಗ್ಗಿ, ಒಂದರ ಹಿಂದೊಂದು, ದಂಡೆಯ ಕಡೆಗೆ ಓಡಿ ಕರಗುತ್ತಿತ್ತು. ಗರಸಿನ ದಂಡೆಯಲ್ಲಿ ಬಟ್ಟೆ ಒಗೆದ ದಿನಗಳು ಅವಳ ಕಾಲಿಗೆ ನೆನಪಿದ್ದವು. ಪಾದದ ಮೇಲೆ ಹತ್ತಿ ಇಳಿಯುತ್ತಿದ್ದ ಅದೇ ತೆರೆ, ಅದೇ ಸಣ್ಣ ಓಟ.

ಅದಾಗಿರದಿದ್ದರೆ? ಅದನ್ನು ದಾಟಿದ ಮೇಲೆ ಇನ್ನೊಂದು ದಂಡೆ ಇಲ್ಲ.

“ಇದಲ್ಲ ಕಾಕಾ. ಇದು ಬಂಡಿ. ಅದು, ಅಲ್ಲಿ.”

“ಅಲ್ಲಿ ಹೋಗಿ ಸಿಗಲಿಲ್ಲಂದ್ರ?”

“ಅಲ್ಲಿ!”

ಹಾಜಿಮಲಂಗ ಅವಳ ಮುಖವನ್ನೊಮ್ಮೆ ನೋಡಿದ. “ಯಾ ಅಲ್ಲಾ,” ಎಂದು ಹುಟ್ಟನ್ನು ಈ ಕಡೆಯಿಂದ ಆ ಕಡೆಗೆ ಎತ್ತಿಹಾಕಿದ.

ಬಿಳಿ ತೆರೆಯ ಪಕ್ಕದಿಂದಲೇ ಹಾಯುವಾಗ ಬಂಡೆಯ ಕರಿ ಬೆನ್ನು ಒಮ್ಮೆ ಕಂಡು ಮುಳುಗಿತು. ಹಿಂಡು ಗಂಟೆಯ ಹಿಂದೆ, ಗಂಟೆ ಮರಿಯ ಹಿಂದೆ, ಮರಿ ಅವಳ ಎರಡು ಬೆರಳಿನ ನಡುವೆ. ಮುಂದಿನ ಮೊರೆತ ಈಗ ಕಿವಿಯಲ್ಲಿ ಅಲ್ಲ, ಎದೆಯಲ್ಲಿ ಕೇಳುತ್ತಿತ್ತು. ಸುಕ್ಕಿನ ಮೇಲೆ ಬಂದರು. ಏನೂ ಆಗಲಿಲ್ಲ. ಹರಗೋಲು ಹಗುರವಾಗಿ ತೇಲಿತು.

ಆಮೇಲೆ ತಳದಲ್ಲಿ ಕರ್ರ್ ಎಂದು ಉದ್ದಕ್ಕೆ ಸದ್ದಾಯಿತು. ಚರ್ಮ ಹರಿಯಿತು. ತಣ್ಣನೆಯ ನೀರು ಅವಳ ಕಾಲ ಕೆಳಗೆ ಬುಗ್ಗೆಯಾಗಿ ಚಿಮ್ಮಿತು. ಅದರ ಜೊತೆಗೇ ಅವಳ ಕಾಲಿಗೆ ಗರಸಿನ ಒರಟು ತಾಗಿತು.

ಹುಚ್ಚವ್ವ ಮರಿಗಳನ್ನು ಎರಡು ಕಂಕುಳಲ್ಲಿ, ಉಡಿಯಲ್ಲಿ ಇರುಕಿಕೊಂಡು ಮೊಣಕಾಲುಮಟ್ಟದ ನೀರಿನಲ್ಲಿ ಇಳಿದು ದಂಡೆಗೆ ಓಡಿದಳು. ತಿರುಗಿ ನೋಡಿದಾಗ ಕೆಂಚಿಯ ಭುಜ ನೀರಿನಿಂದ ಎದ್ದಿತು. ಆಮೇಲೆ ಮೊಣಕಾಲು. ಅದರ ಹಿಂದೆ ಒಂದೊಂದಾಗಿ, ನೀರಿಳಿಯುವ ಉಣ್ಣೆಯನ್ನು ಎಳೆದುಕೊಂಡು, ತೂರಾಡುತ್ತ, ಕೆಮ್ಮುತ್ತ ಹಿಂಡು ಮೇಲೇರಿತು. ಜಾಗ ಇಕ್ಕಟ್ಟು. ಹಿಂದಿನವು ಮುಂದಿನವನ್ನು ನೂಕಿದವು. ಹಾಜಿಮಲಂಗ ಹರಿದ ಹರಗೋಲನ್ನು ಬಿಟ್ಟು, ಹುಟ್ಟನ್ನೇ ಅಡ್ಡ ಹಿಡಿದು, ಕೆಳಗೆ ಜಾರುವ ಕುರಿಗಳನ್ನು ದಂಡೆಗೆ ತಳ್ಳುತ್ತಿದ್ದ. ಕೊನೆಯಲ್ಲಿ ಸಿದ್ದರಾಯ ಕೈಕಾಲೂರಿ ತೆವಳುತ್ತ ಏರಿ, ಗರಸಿನ ಮೇಲೆ ಮುಖ ಕೆಳಗೆ ಮಾಡಿ ಬಿದ್ದುಕೊಂಡ. ಆಳುಗಳಿಬ್ಬರೂ ಬಂದರು.

ಬಿಸಿಲು ಏರಿತು. ಮುಗಿಲಿನಲ್ಲಿ ಆಗಲೂ ಒಂದು ಮೋಡವಿರಲಿಲ್ಲ. ಉಸುಕಿನ ದಂಡೆಯಿಂದ ಹುಲಿಗೆವ್ವ ಉಳಿದ ಮರಿಗಳನ್ನು ಹೊಲದ ದಾರಿಯಿಂದ ಹೊಡೆದುಕೊಂಡು ಬಂದಳು. ತಾಯಿಕುರಿಗಳು ಮೂಸಿ ಮೂಸಿ ತಮ್ಮವನ್ನು ಕೂಡಿಕೊಂಡವು. ಕೂಡಲು ಯಾರೂ ಇಲ್ಲದ ಮರಿಗಳು ಹಿಂಡಿನೊಳಗೆ ಹೊಕ್ಕು, ಕಂಡ ಕೆಚ್ಚಲಿಗೆಲ್ಲ ಬಾಯಿ ಹಾಕಿ ಒದೆಸಿಕೊಂಡು ಹೊರಗೆ ಬರುತ್ತಿದ್ದವು. ಎಡಗಿವಿಯವೇ ಹೆಚ್ಚು. ಹುಚ್ಚವ್ವ ಒಂದೊಂದನ್ನೇ ಹಿಡಿದು ತನ್ನ ಸೆರಗಿನ ಹತ್ತಿರ ಕೂಡಿಸಿಕೊಂಡಳು. ಎಷ್ಟು ಎಂದು ಎಣಿಸಲು ಮನಸ್ಸು ಬಾರಲಿಲ್ಲ.

ಸಿದ್ದರಾಯ ಎದ್ದು ಕುಳಿತ. ಅವನ ಮೀಸೆಗೆ ಕೆಸರು ಮೆತ್ತಿತ್ತು.

“ನಿನ್ನಾವ ಬಾಳ ಹೋದ್ವು ವೈನಿ,” ಎಂದ.

“ಹೂಂ.”

“ನನ್ನಾವ ಮರಿ ಒಯ್ದಿ ನೀನು. ನಿನ್ನಾವ ಬಿಟ್ಟಿ.”

“ಕೊರಳ ಇದ್ದಾವ ಒಯ್ದೆ. ಕಿವಿ ನೋಡಾಕ ಹೊತ್ತ ಎಲ್ಲಿತ್ತು?” ಎಂದಳು. ಅದು ಪೂರಾ ನಿಜವಲ್ಲ. ಆ ಒಂದು ಕ್ಷಣ ಅವಳ ಕೈಯಲ್ಲಿ ಇನ್ನೂ ಇತ್ತು.

ಸಿದ್ದರಾಯ ಕೈಯಿಂದ ಮುಖ ಒರೆಸಿಕೊಂಡ. “ಹೋದದ್ದು ಹೊಳಿ ಪಾಲು. ಇನ್ನ ನಿನ್ನಾವ ನನ್ನಾವ ಅನ್ನೂದ ಬ್ಯಾಡ. ಎಲ್ಲಾ ಕೂಡಿ ಒಂದ ಹಿಂಡ ಮಾಡೂಣು. ನಿನ್ನ ಕೈಯಾಗ ಎಷ್ಟ ಉಳದಾವ? ನೀ ಬ್ಯಾರೆ ಒಲಿ ಹೂಡಿ ಏನ ಬೇಯಸ್ತಿ?” ಅವನ ದನಿಯಲ್ಲಿ ಕರುಣೆಯಿತ್ತು, ತಪ್ಪಿನ ಭಾರವಿತ್ತು. ಅವಳಿಗೆ ಇಷ್ಟು ಹೆದರಿಕೆ ಬೆಳಗಿನ ಹೊಳೆಯಲ್ಲೂ ಆಗಿರಲಿಲ್ಲ.

ಹುಲಿಗೆವ್ವ ಕಣ್ಣೆತ್ತಿ ನೆಗೆಣ್ಣಿಯನ್ನು ನೋಡಿದಳು. ಆಡುವ ಮಾತಿಗೆ ಕಾಯುತ್ತಿದ್ದಳು. ಹಾಜಿಮಲಂಗ ಹರಿದ ಚರ್ಮದ ಅಂಚನ್ನು ಬೆರಳಿನಿಂದ ಸವರುತ್ತ, ಕೇಳದವನಂತೆ ಕುಳಿತಿದ್ದ.

“ಕುರಿ ಕೂಡಿ ಮೇಯ್ಲಿ,” ಎಂದಳು ಹುಚ್ಚವ್ವ ನಿಧಾನಕ್ಕೆ. “ಕಿವಿ ಬ್ಯಾರೆ ಇರ್ಲಿ. ಒಂದಽ ಕುರಿ ಉಳಿದ್ರೂ ಬ್ಯಾರೆ ಇರ್ಲಿ.”

“ಒಂದ ಕುರಿಗಿ ಒಲಿ ಹತ್ತತೈತೇನ ವೈನಿ?”

“ಹತ್ತಲಿಲ್ಲಂದ್ರ ತಣ್ಣಂದು ತಿಂತೇನಿ. ನನ್ನದು ತಿಂತೇನಿ.” ಉಸಿರು ತೆಗೆದುಕೊಂಡಳು. “ಆದ್ರ ದಂಡಿ ನೋಡೂದು ಇನ್ನ ಕೂಡಿ ನೋಡೂಣು, ಸಿದ್ದರಾಯಾ. ನೀ ಇಳಸೂ ಕಡೆ ನಿಂತ ನೋಡು, ನಾ ಏರೂ ಕಡೆ ನಿಂತ ನೋಡ್ತೇನಿ. ಹೊಳಿ ಬೈದ್ರ ಬೈಲಿ. ಎರಡ ಸಲ ಕೇಳೂಣು.”

ಹೊಳೆಯನ್ನು ಎರಡು ಸಲ ಕೇಳುವುದು ಸಿದ್ದರಾಯನಿಗೆ ಅಷ್ಟು ಸುಲಭದ ಮಾತಲ್ಲ. ಅವಳಿಗೂ ಅಲ್ಲ. ಆಡಿದ ಮೇಲೆ ಅವಳೇ ಕೆಂಪು ನೀರಿನ ಕಡೆಗೆ ಕಳ್ಳಗಣ್ಣಿನಿಂದ ನೋಡಿದಳು. ಸಿದ್ದರಾಯ ತಲೆಯನ್ನು ಒಂದಿಷ್ಟು ಆಡಿಸಿದ. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಹುಲಿಗೆವ್ವ ಎದ್ದಳು. ಹಿಂಡಿನೊಳಗೆ ಹೋಗಿ, ಮರಿ ಸತ್ತು ಹುಟ್ಟಿದ್ದ ತನ್ನದೊಂದು ಕುರಿಯನ್ನು ಹಿಂಗಾಲು ಹಿಡಿದು ಎಳೆದುಕೊಂಡು ಬಂದಳು. ಅದು ಒದ್ದಾಡಿತು. ಅವಳು ಅದನ್ನು ತನ್ನ ತೊಡೆಗೆ ಒತ್ತಿ ನಿಲ್ಲಿಸಿದಳು.

“ಮರಿ ಹಚ್ಚಕ್ಕಾ ಲಗೂನ. ಕಿವಿ ಗಿವಿ ಆಮ್ಯಾಲ ನೋಡೂಣು. ನನ್ನ ಕೈ ನೋಯ್ತಾವ.”

ಹುಚ್ಚವ್ವ ತಬ್ಬಲಿ ಮರಿಯೊಂದನ್ನು ಎತ್ತಿ, ಅದರ ಬಾಯಿಯನ್ನು ಬಿಗಿದ ಕೆಚ್ಚಲಿಗೆ ಹಚ್ಚಿದಳು. ಕುರಿ ಒದೆಯಿತು. ಹಾಲು ಗರಸಿನ ಮೇಲೆ ಚೆಲ್ಲಿತು. ಹುಲಿಗೆವ್ವ ಬೈಯುತ್ತ ಮತ್ತೆ ಬಿಗಿಹಿಡಿದಳು. ಹುಚ್ಚವ್ವ ಮತ್ತೆ ಹಚ್ಚಿದಳು. ಈ ಸಲ ಮರಿ ಹಿಡಿಯಿತು. ಅವಳು ಅದನ್ನು ಬಿಡದೆ, ಇನ್ನೊಂದು ಕೈಯಿಂದ ಮುಂದಿನ ಮರಿಗಾಗಿ ತಡಕಿದಳು.